ಎನ್‌ಬಿಎ ಜಾಮ್: ಒಂದೇ ಆಟ, ಐದು ಡಬ್ಬಿ

ನಾಲ್ಕು ತಿಂಗಳಿಂದ ನಮ್ಮ ಟಿವಿ ಮುಂದೆ ವೈರುಗಳ ಜಾತ್ರೆ. ಎನ್‌ಬಿಎ ಜಾಮ್ ಅನ್ನೋ ಹಳೇ ವಿಡಿಯೋ ಗೇಮ್ ಹುಚ್ಚು ಹಿಡಿದು, ಅದನ್ನೇ ಐದು ಯಂತ್ರಗಳಲ್ಲಿ ಆಡಿ ನೋಡಿದೆ. "ಒಂದು ಆಟಕ್ಕೆ ಐದು ಡಬ್ಬಿ ಯಾಕ್ರೀ?" ಅಂತ ಹೆಂಡತಿ ಕೇಳಿದಳು. ಆಗ ಸರಿಯಾಗಿ ಹೇಳೋಕೆ ಆಗಲಿಲ್ಲ, ಈಗ ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮಿಡ್‌ವೇ ಕಂಪನಿ 1993ರಲ್ಲಿ ಆರ್ಕೇಡ್‌ಗೆ (ಕಾಸು ಹಾಕಿ ಆಡೋ ದೊಡ್ಡ ಯಂತ್ರಕ್ಕೆ) ತಂದ ಬ್ಯಾಸ್ಕೆಟ್‌ಬಾಲ್ ಇದು. ಎನ್‌ಬಿಎ ಅಂದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್, ಆಟದಲ್ಲಿರೋದು ಅದರ ತಂಡಗಳೇ. ತಂಡಕ್ಕೆ ಇಬ್ಬರೇ. ಫೌಲ್ ಇಲ್ಲ, ಎದುರಾಳಿಯನ್ನು ನೂಕಿ ಕೆಡವಬಹುದು. ಮೂರು ನಿಮಿಷದ ನಾಲ್ಕು ಕ್ವಾರ್ಟರ್. ಒಬ್ಬನೇ ಸತತ ಮೂರು ಸಲ ಬುಟ್ಟಿಗೆ ಹಾಕಿದರೆ ಚೆಂಡಿಗೆ ಬೆಂಕಿ ಹತ್ತುತ್ತದೆ, ಆಮೇಲೆ ಅವನನ್ನು ಹಿಡಿಯೋದು ಕಷ್ಟ. ಮೇಲಿಂದ ಕಾಮೆಂಟರಿ ಹೇಳುವ ಟಿಮ್ ಕಿಟ್ಜ್‌ರೋ ದನಿಯಲ್ಲಿ "ಬೂಮ್‌ಶಕಲಕ!" ಅನ್ನೋ ಕೂಗು. ಶಿಕಾಗೋ ತಂಡದ ದೊಡ್ಡ ತಾರೆ ಮೈಕಲ್ ಜೋರ್ಡನ್ ಮಾತ್ರ ಇಲ್ಲ. ಅವರ ಹೆಸರಿನ ಹಕ್ಕು ಲೀಗ್ ಕೈಯಲ್ಲಿರಲಿಲ್ಲ. ಹಾಗಾಗಿ ಶಿಕಾಗೋ ಅಂದರೆ ಸ್ಕಾಟಿ ಪಿಪ್ಪೆನ್, ಹೊರೇಸ್ ಗ್ರಾಂಟ್.

1994ರ ಮಾರ್ಚ್‌ನಲ್ಲಿ ಅಕ್ಲೇಮ್ ಕಂಪನಿ ಇದನ್ನು ಮನೆಗಳಿಗೆ ತಂದಿತು. ಟಿವಿಗೆ ಜೋಡಿಸಿ ಆಡೋ ಸೂಪರ್ ನಿಂಟೆಂಡೊ ಮತ್ತು ಸೆಗಾ ಜೆನೆಸಿಸ್‌ಗೆ ಅದನ್ನು ಹೊಂದಿಸಿದ್ದು ಇಗ್ವಾನಾ ಎಂಬ ತಂಡ, ನಾವಿರುವ ಟೆಕ್ಸಸ್‌ನ ಆಸ್ಟಿನ್‌ನದ್ದೇ. ಅದು ಗೊತ್ತಾದ ದಿನ ಸುಮ್ನೆ ಒಂಥರಾ ಖುಷಿಯಾಯಿತು.

ಮೊದಲು ಸೂಪರ್ ನಿಂಟೆಂಡೊ. ಚಿತ್ರ, ಶಬ್ದ ಎರಡರಲ್ಲೂ ಇದೇ ಮೇಲು, ಅದರಲ್ಲಿ ಜಗಳವೇ ಇಲ್ಲ. ಈ ಯಂತ್ರ ಒಂದೇ ಸಲಕ್ಕೆ 256 ಬಣ್ಣ ತೋರಿಸಬಲ್ಲದು, ಜೆನೆಸಿಸ್ 64. ಆಟಗಾರರ ಮೈಬಣ್ಣ, ಜರ್ಸಿ, ಮರದ ನೆಲದ ಹೊಳಪು ಎಲ್ಲದರಲ್ಲೂ ವ್ಯತ್ಯಾಸ ಕಾಣುತ್ತದೆ. ಕಿಟ್ಜ್‌ರೋ ಕೂಗು ಸ್ವಚ್ಛ. ಜೆನೆಸಿಸ್‌ನಲ್ಲಿ ಅದೇ ಕೂಗು ಗಂಟಲು ಕಟ್ಟಿದವರು ಮೈಕ್ ಹಿಡಿದ ಹಾಗೆ.

ಹಾಗಿದ್ದೂ ನಮ್ಮನೆಯಲ್ಲಿ ಗೆದ್ದದ್ದು ಜೆನೆಸಿಸ್. (ಉತ್ತರ ಅಮೆರಿಕದ ಹೊರಗೆ ಇದನ್ನೇ ಮೆಗಾ ಡ್ರೈವ್ ಅನ್ನುತ್ತಾರೆ.) ಕಾರಣ ಪ್ಯಾಡ್, ಅಂದರೆ ಕೈಯಲ್ಲಿ ಹಿಡಿದು ಒತ್ತೋ ಬಟನ್ ಪಟ್ಟಿ. ಆರ್ಕೇಡ್‌ನಲ್ಲಿ ಇದ್ದದ್ದು ಮೂರೇ ಬಟನ್: ಶೂಟ್, ಪಾಸ್, ಟರ್ಬೊ (ವೇಗ ಹೆಚ್ಚಿಸೋದು). ಜೆನೆಸಿಸ್‌ನ ಹಳೇ ಪ್ಯಾಡ್‌ನಲ್ಲೂ ಆಡೋಕೆ ಮೂರೇ. ಸೂಪರ್ ನಿಂಟೆಂಡೊ ಪ್ಯಾಡ್‌ನಲ್ಲಿ ಎದುರಿಗೆ ನಾಲ್ಕು, ಮೇಲಂಚಿನಲ್ಲಿ ಎರಡು. ನಮಗೆ ರೂಢಿಯಾದ ಮೇಲೆ ತೊಂದರೆಯಿಲ್ಲ. ಆದರೆ ಹಬ್ಬಕ್ಕೆ ಬಂದ ನೆಂಟರ ಕೈಗೆ ಕೊಟ್ಟರೆ ಅರ್ಧ ಆಟ "ಯಾವುದು ಒತ್ತಲಿ?" ಅನ್ನೋದರಲ್ಲೇ ಮುಗಿಯುತ್ತದೆ. ಜೆನೆಸಿಸ್ ಪ್ಯಾಡ್ ಕೊಟ್ಟಾಗ ನಮ್ಮತ್ತೆ ಎರಡನೇ ಕ್ವಾರ್ಟರ್‌ಗೇ ನನ್ನನ್ನು ನೂಕಿ ಕೆಡವಿ ಚೆಂಡು ಕಿತ್ತುಕೊಂಡರು. ಇನ್ನು ಶಬ್ದದ ಮಾತು. ನಾಲ್ಕು ಜನ ಸೋಫಾ ಮೇಲೆ ಕೂತು ಕಿರುಚುವಾಗ ಟಿವಿಯದ್ದು ಯಾರಿಗೆ ಕೇಳುತ್ತೆ? ನಾಲ್ವರು ಆಡಬೇಕಾದರೆ ಎರಡೂ ಯಂತ್ರಕ್ಕೆ ಬೇರೆ ಅಡಾಪ್ಟರ್ ಬೇಕು, ಆ ಖರ್ಚು ಎರಡು ಕಡೆಯೂ ಇದೆ.

ಜೆನೆಸಿಸ್ ಕಡೆ ಇನ್ನೊಂದು ಸಣ್ಣ ಸೆಳೆತ. ಅದರ ಕಾರ್ಟ್ರಿಡ್ಜ್ (ಆಟ ತುಂಬಿರೋ ಪ್ಲಾಸ್ಟಿಕ್ ಡಬ್ಬಿ) ಒಳಗೆ ಬ್ಯಾಟರಿ ಇಲ್ಲದೆಯೇ ದಾಖಲೆ ಉಳಿಸುವ ಚಿಪ್ ಇದೆ. ನಾನು ಕೊಂಡದ್ದು ಯಾರೋ ಆಡಿ ಬಿಟ್ಟ ಕಾರ್ಟ್ರಿಡ್ಜ್. ಮೊದಲ ಸಲ ಹಾಕಿದಾಗ ಅವರು ಹೆಸರಿಗೆ ಬದಲು ಹಾಕಿದ್ದ ಮೂರಕ್ಷರದ ಗುರುತುಗಳು ಹಾಗೇ ಕೂತಿದ್ದವು. ಅಳಿಸೋಕೆ ಮನಸ್ಸು ಬರಲಿಲ್ಲ.

ಆಟ ಸೋಲುವವರ ಕಡೆ ಸ್ವಲ್ಪ ವಾಲುತ್ತದೆ, ಅಂತರ ಜಾಸ್ತಿಯಾಗೋಕೆ ಬಿಡುವುದಿಲ್ಲ. ಕಲಿಯುವವರಿಗೆ ಇದು ವರ, ನನ್ನ ಭಾಮೈದನಿಗೆ ಸಂಕಟ. "ಭಾವ, ಇದು ಮೋಸ!" ಅನ್ನುತ್ತಾನೆ. ಆಟದ ವಿನ್ಯಾಸಕ ಮಾರ್ಕ್ ಟರ್ಮೆಲ್ ಡೆಟ್ರಾಯಿಟ್ ತಂಡದ ಅಭಿಮಾನಿ. ಡೆಟ್ರಾಯಿಟ್ ಎದುರು ಶಿಕಾಗೋ ಕೊನೇ ಕ್ಷಣದಲ್ಲಿ ಹೊಡೆದರೆ ತಪ್ಪುವ ಹಾಗೆ ಆರ್ಕೇಡ್‌ನಲ್ಲಿ ಬರೆದಿಟ್ಟಿದ್ದೆ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಅದನ್ನು ಕೇಳಿದ ಮೇಲೆ ಭಾಮೈದನ ಪ್ರತಿ ತಪ್ಪಿಗೂ ಟರ್ಮೆಲ್ ಕಾರಣ, ಅವನು ಯೂಟಾ ತಂಡದಲ್ಲಿ ಆಡುತ್ತಿದ್ದರೂ!

ಪ್ಲೇಸ್ಟೇಷನ್‌ದು 1995ರ ಟೂರ್ನಮೆಂಟ್ ಎಡಿಷನ್, ಅಂದರೆ ಇದೇ ಆಟದ ಮುಂದಿನ ಆವೃತ್ತಿ. ತಂಡಗಳಲ್ಲಿ ಆಟಗಾರರು ಜಾಸ್ತಿ, ಆರ್ಕೇಡ್ ಚಿತ್ರಕ್ಕೆ ಹತ್ತಿರ. ಒಬ್ಬರೇ ಕೂತು ತಿಂಗಳುಗಟ್ಟಲೆ ಆಡುವವರು ಇದನ್ನೇ ಕೊಳ್ಳಿ. ನನಗೆ ಮಾತ್ರ ಸಿಡಿ ತಿರುಗುತ್ತಾ ಕಾಯಿಸೋದು ಸರಿಬರಲಿಲ್ಲ. ಕಾರ್ಟ್ರಿಡ್ಜ್ ಆದರೆ ಸ್ವಿಚ್ ಹಾಕಿದ ಕೂಡಲೇ ಆಟ.

ಕೈಯಲ್ಲಿ ಹಿಡಿದು ಆಡೋ ಎರಡರ ಕಥೆ ಬೇರೆ. ಗೇಮ್ ಬಾಯ್‌ಗೆ ನಾಲ್ಕು ಛಾಯೆ ಮಾತ್ರ, ಪರದೆಗೆ ಹಿಂಬೆಳಕಿಲ್ಲ, ವೇಗವಾಗಿ ಓಡಿದರೆ ಚಿತ್ರ ಬಾಲದ ಹಾಗೆ ಎಳೆದುಕೊಂಡು ಹೋಗುತ್ತದೆ. ಓಟವೇ ಜೀವಾಳವಾದ ಆಟದಲ್ಲಿ ಯಾರು ನಮ್ಮವನು, ಯಾರು ಅವರವನು ಅಂತ ತಿಳಿಯೋಷ್ಟರಲ್ಲಿ ಚೆಂಡು ಹೋಗಿರುತ್ತದೆ. ಗೇಮ್ ಗೇರ್‌ನಲ್ಲಿ ಬಣ್ಣವಿದೆ, ಬೆಳಕಿದೆ, ಕತ್ತಲ ಕೋಣೆಯಲ್ಲೂ ಆಡಬಹುದು. ಆದರೆ ಆರು ಎಎ ಬ್ಯಾಟರಿ ನುಂಗಿ ನಾಲ್ಕೈದು ಗಂಟೆಗೆ ಕಣ್ಣು ಮುಚ್ಚುತ್ತದೆ. ಕೊಳ್ಳೋದಾದರೆ ಕೆಪಾಸಿಟರ್ (ಒಳಗಿನ ಸಣ್ಣ ವಿದ್ಯುತ್ ಬಿಡಿಭಾಗ) ಬದಲಾಯಿಸಿದ್ದನ್ನೇ ನೋಡಿ. ಇಷ್ಟು ಹಳೇ ಕೆಪಾಸಿಟರ್ ಸೋರಿ ದನಿ, ಪರದೆ ಎರಡೂ ಮಂಕಾಗೋದು ಮಾಮೂಲು. ಎರಡಕ್ಕೂ ಆಡೋ ಬಟನ್ ಎರಡೇ ಅನ್ನೋದು ಬೇರೆ. ಇವೆರಡರಲ್ಲಿ ಒಂದನ್ನು ಆರಿಸು ಅಂದರೆ ಗೇಮ್ ಗೇರ್, ಅದೂ ಪ್ಲಗ್ ಪಾಯಿಂಟ್ ಪಕ್ಕದಲ್ಲಿ ಕೂತು. ಅಲ್ಲಿಗೆ ಕೈಯಲ್ಲಿ ಹಿಡಿದು ತಿರುಗೋ ಅರ್ಥವೇ ಹೋಯಿತು, ಅಲ್ವಾ?

ಕೊನೆಗೆ ಮನೆಯಲ್ಲಿ ಉಳಿದದ್ದು ಜೆನೆಸಿಸ್ ಒಂದೇ. ಸೂಪರ್ ನಿಂಟೆಂಡೊ ಭಾಮೈದನ ಜೊತೆ ಡಲ್ಲಾಸ್‌ಗೆ ಹೋಯಿತು. ಅತ್ತೆ ಮುಂದಿನ ಯುಗಾದಿಗೆ ಬರುತ್ತೇನೆ ಅಂದಿದ್ದಾರೆ. ಅಷ್ಟರೊಳಗೆ ನಾನು ನೂಕೋದನ್ನು ಸರಿಯಾಗಿ ಕಲಿಯಬೇಕು.