180 ರೂಪಾಯಿಯ ಆತ್ಮಿಕ ಡೈರಿ: ಒಂಬತ್ತು ತಿಂಗಳು ಬಳಸಿದ ಕಂಡಕ್ಟರನ ಅನಿಸಿಕೆ

ಡಿಸೆಂಬರ್ 31ರ ರಾತ್ರಿ ವಾಚ್ ನೈಟ್ ಆರಾಧನೆ ಮುಗಿಸಿ ಹೊರಗೆ ಬಂದರೆ ಚರ್ಚಿನ ಬಾಗಿಲಲ್ಲೇ ಟೇಬಲ್ ಹಾಕಿ ಮಾರುತ್ತಿದ್ದರು. ಕ್ಯಾಲೆಂಡರ್, ವಚನದ ಸ್ಟಿಕ್ಕರ್, ಜೊತೆಗೆ ಈ ಒಂದು ವರ್ಷದ ಆತ್ಮಿಕ ಡೈರಿ. ಹೊಸ ವರ್ಷ ಹುಟ್ಟಿ ಹತ್ತು ನಿಮಿಷ ಆಗಿತ್ತಷ್ಟೇ, ಆ ಹೊತ್ತಿನಲ್ಲಿ ಮನುಷ್ಯ ಏನು ಬೇಕಾದರೂ ಕೊಳ್ಳುತ್ತಾನೆ. ನಮ್ಮಾಕಿ ಮಾತ್ರ, "ಹ್ವಾದ ವರ್ಷದ್ದು ಟ್ರಂಕಿನ್ಯಾಗ ಹಂಗ ಐತಲ್ಲರೀ" ಅಂದಳು. ಕೇಳದವರ ಹಾಗೆ 180 ಎಣಿಸಿ ಕೊಟ್ಟೆ.

ನಾನು ಹುಬ್ಬಳ್ಳಿ–ಗದಗ ಬಸ್ಸಿನ ಕಂಡಕ್ಟರ್. ಅಂದಿನಿಂದ ಡೈರಿ ನನ್ನ ದುಡ್ಡಿನ ಚೀಲದಲ್ಲೇ ತಿರುಗುತ್ತಿದೆ. ಪೇಪರ್ ಚಲೋ ಐತಿ, ಇಂಕು ಹಿಂದಕ್ಕೆ ಹಾಯುವುದಿಲ್ಲ. ಬೈಂಡಿಂಗ್ ಮಾತ್ರ ಅಂಟಿನದು. ಮೇ ತಿಂಗಳ ಬಿಸಿಲಿಗೆ ಅಂಟು ಬಿಟ್ಟು ಜುಲೈ, ಆಗಸ್ಟ್ ಎರಡೂ ಕೈಗೆ ಬಂದವು. ಈಗ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಇನ್ನೊಂದು ತಮಾಷೆ, ಫೆಬ್ರವರಿಗೂ 30 ದಿನದ ಮನೆ ಕೊಟ್ಟಿದ್ದಾರೆ.

ಮೊದಲ ಪುಟಗಳಲ್ಲಿ ಇರುವುದು ವರ್ಷಕ್ಕೆ ಇಡೀ ಸತ್ಯವೇದ, ಅಂದರೆ ಬೈಬಲ್, ಓದಿ ಮುಗಿಸುವ ಪಟ್ಟಿ. 66 ಪುಸ್ತಕ, 1189 ಅಧ್ಯಾಯ. ದಿನಕ್ಕೆ ಮೂರು, ಕೆಲವು ದಿನ ನಾಲ್ಕು. ಆದಿಕಾಂಡ ಬಸ್ಸು ಬೈಪಾಸ್ ಹಿಡಿದ ಹಾಗೆ ಓಡಿತು. ವಿಮೋಚನಕಾಂಡದ ಗುಡಾರದ ಅಳತೆ ಬಂದಾಗ ಸ್ವಲ್ಪ ಕುಂಟಿದೆ. ಫೆಬ್ರವರಿ ಮೊದಲ ವಾರ ಯಾಜಕಕಾಂಡ 13ಕ್ಕೆ ಬಂದೆ, ಚರ್ಮರೋಗದ ಮೇಲೆ 59 ವಚನ. ಅದೇ ವಾರ ಡಬಲ್ ಡ್ಯೂಟಿ. ಮೂರು ದಿನ ಬಿಟ್ಟೆ, ಹತ್ತು ಅಧ್ಯಾಯ ಸಾಲ ಆಯಿತು. ಇನ್ನೊಂದು ವಾರಕ್ಕೆ ಸಾಲ ಮೂವತ್ತು ದಾಟಿತು. ಅಲ್ಲಿಗೆ ಪಟ್ಟಿ ಮುಚ್ಚಿದೆ, ಹೋದ ವರ್ಷ ಮುಚ್ಚಿದ್ದೂ ಹೆಚ್ಚು ಕಡಿಮೆ ಅಲ್ಲೇ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಲೆಕ್ಕ ಹಾಕಬೇಕು ಅಂತ ಯೇಸುಸ್ವಾಮಿ ಹೇಳಿದ್ದು ಲೂಕ 14ರಲ್ಲಿದೆ. ಪಟ್ಟಿ ಮಾಡಿದವರು ಆ ಅಧ್ಯಾಯವನ್ನು ಒಂದು ದಿನಕ್ಕೆ ಹಂಚಿದ್ದಾರೆ, ಓದಿದಂತೆ ಕಾಣುವುದಿಲ್ಲ.

ದಾರಿ ತೋರಿಸಿದವರು ನಮ್ಮ ಮಾವ. ಬೆಟಗೇರಿಯವರು, 1841ರಲ್ಲೇ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಪ್ರಚಾರ ಸಂಸ್ಥೆ ಬಂದ ಊರು. ಮಗ್ಗ ನೇಯ್ದ ಕೈ. ಡೈರಿ ತಿರುವಿ ನೋಡಿ ನಕ್ಕರು. "ಅಳಿಯಾರ, ಹೊಸ ಒಡಂಬಡಿಕೆ 260 ಅಧ್ಯಾಯ ಐತ್ರಿ. ವಾರಕ್ಕ ಐದು ಹಿಡೀರಿ, 52 ವಾರಕ್ಕ ಬರೋಬ್ಬರಿ ಆಕ್ಕಾವ. ಉಳಿದ ಎರಡು ದಿನ ತಪ್ಪಿದ್ದು ತುಂಬ್ಕೋಳಾಕ." ಆ ಎರಡು ದಿನ ಇಟ್ಟರು ನೋಡಿ, ಡೈರಿಯಲ್ಲಿ ಇಲ್ಲದ್ದು ಅದೇ. ಮಾರ್ಚ್‌ನಲ್ಲಿ ಮತ್ತಾಯನಿಂದ ಶುರು ಮಾಡಿದೆ. ಈಗ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿದ್ದೇನೆ, ಸಾಲ ಇಲ್ಲ.

ದಿನದ ಪುಟದ ಕೆಳಗೆ ಐದು ಮನೆ: ಪ್ರಾರ್ಥನೆ, ವಾಕ್ಯ, ಉಪವಾಸ, ಕಾಣಿಕೆ, ಸಾಕ್ಷಿ. ಟಿಕ್ ಹಾಕಬೇಕು. ದಿನವೆಲ್ಲ ಟಿಕೆಟ್‌ಗೂ ದುಡ್ಡಿಗೂ ತಾಳೆ ನೋಡುವವನಿಗೆ ಇದು ರುಚಿ ಹತ್ತುವ ಚಟ. ಒಂದು ರಾತ್ರಿ ಡಿಪೋದಲ್ಲಿ ಚೀಲ ತಲೆದಿಂಬು ಮಾಡಿ ಮಲಗಿದವನು ಎದ್ದು ಕುಳಿತು, ಮಾಡದ ಪ್ರಾರ್ಥನೆಗೆ ಟಿಕ್ ಹಾಕಿ ಮತ್ತೆ ಮಲಗಿದೆ. ಪ್ರಯಾಣಿಕರೇ ಇಲ್ಲದೆ ಜೀರೋ ಟಿಕೆಟ್ ಹರಿದ ಹಾಗೆ! ವಾರಕ್ಕೆರಡು ಉಪವಾಸ, ಗಳಿಕೆಯಲ್ಲಿ ಹತ್ತನೇ ಒಂದು ಪಾಲು ಕಾಣಿಕೆ ಅಂತ ದೇವರಿಗೇ ಲೆಕ್ಕ ಒಪ್ಪಿಸಿದ, ಯೇಸುಸ್ವಾಮಿಯ ಕಥೆಯ ಆ ಮಡಿವಂತ ಫರಿಸಾಯನ ಹತ್ತಿರವೂ ಇಂಥದೇ ಡೈರಿ ಇದ್ದಿರಬೇಕು. ಅಂದಿನಿಂದ ಟಿಕ್ ಬಿಟ್ಟೆ.

ಹಾಗಾದರೆ 180 ನೀರಿಗೆ ಹೋಯಿತೇ ಅಂದರೆ ಇಲ್ಲ. ಪ್ರತಿ ಭಾನುವಾರಕ್ಕೆ ಅರ್ಧ ಖಾಲಿ ಪುಟ ಇದೆ, ಮೇಲೆ ಒಂದೇ ಸಾಲು: "ಈ ವಾರ ಯಾರಿಗಾಗಿ, ಏನು?" ಮೊದಮೊದಲು "ಎಲ್ಲರನ್ನೂ ಪ್ರೀತಿಸಬೇಕು" ಅಂತೆಲ್ಲ ಬರೆದೆ. ಸೋಮವಾರ ಶಿರಗುಪ್ಪಿ ಬರುವಷ್ಟರಲ್ಲಿ ಅದು ಮುಗಿದಿರುತ್ತಿತ್ತು. ಏಪ್ರಿಲ್‌ನಲ್ಲಿ ಒಬ್ಬ ಹುಡುಗ 500ರ ನೋಟು ಕೊಟ್ಟ. ಚಿಲ್ಲರೆ ಇರಲಿಲ್ಲ, ಬಾಕಿಯನ್ನು ಟಿಕೆಟ್ ಹಿಂದೆ ಬರೆದುಕೊಟ್ಟೆ. ಅಣ್ಣಿಗೇರಿಯಲ್ಲಿ ಗದ್ದಲದಲ್ಲಿ ಇಳಿದವನು ಬಸ್ಸು ಹೊರಟ ಮೇಲೆ ಟಿಕೆಟ್ ಹಿಡಿದು ಹಿಂದೆ ಓಡಿದ. ಕನ್ನಡಿಯಲ್ಲಿ ನೋಡಿದ ಡ್ರೈವರ್ ನಿಲ್ಲಿಸಿದ. ನಿಜ ಹೇಳುತ್ತೇನೆ, ನಾನು ಅವನಿಗಿಂತ ಮೊದಲೇ ನೋಡಿದ್ದೆ, ಸೀಟಿ ಊದಲು ಎರಡು ಕ್ಷಣ ತಡ ಮಾಡಿದ್ದೆ. ಸತ್ಯವೇದದಲ್ಲಿ ಬರುವ ಸುಂಕದವನಾದ ಜಕ್ಕಾಯ ನಮ್ಮ ಇಲಾಖೆಯವನೇ ಅನಿಸಿದ್ದು ಆವತ್ತು. ಅವನು ನಾಲ್ಕು ಪಟ್ಟು ತಿರುಗಿ ಕೊಡುತ್ತೇನೆ ಅಂದವನು, ನನಗೆ ಅಸಲು ಕೊಡಲಿಕ್ಕೇ ಕೈ ಬಂದಿರಲಿಲ್ಲ.

ಆ ಭಾನುವಾರ ಬರೆದೆ: "ನಲವಡಿ ದಾಟಿದ ಕೂಡಲೇ ಅಣ್ಣಿಗೇರಿಯವರ ಚಿಲ್ಲರೆ ಬಾಕಿ ನಾನೇ ಹೋಗಿ ಕೊಡುವುದು. ಕೇಳುವವರೆಗೆ ಕಾಯಬಾರದು." ಇಷ್ಟೇ. ದಿನಕ್ಕೆ ನಾಲ್ಕೈದು ಸಲ ಬರುವ ಕೆಲಸ, ಆಯಿತೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಮೊದಲ ವಾರ ಅರ್ಧ ಮರೆತೆ. ಜೂನ್ ಹೊತ್ತಿಗೆ ನಲವಡಿ ಬಂದರೆ ಕಾಲು ತಾನಾಗಿ ಮುಂದೆ ಹೋಗತೊಡಗಿತು. ಆಮೇಲೆ ಹುಲಕೋಟಿಯವರನ್ನೂ ಸೇರಿಸಿದೆ. ಈಗಿನದು ಇನ್ನೂ ಕಷ್ಟದ್ದು: ಆಧಾರ್ ಕಾರ್ಡ್ ಹುಡುಕುತ್ತ ನಿಂತ ಮುದುಕಿಯರ ಮೇಲೆ ಹಲ್ಲು ಕಡಿಯದೆ ಇರುವುದು. ಎರಡು ವಾರದಿಂದ ಅದೇ ಸಾಲನ್ನು ಮತ್ತೆ ಮತ್ತೆ ಬರೆಯುತ್ತಿದ್ದೇನೆ.

ಐದಕ್ಕೆ ಮೂರು ನಕ್ಷತ್ರ. ಮೂರೂ ಆ ಭಾನುವಾರದ ಪುಟಕ್ಕೆ. ಮುಂದಿನ ಸಲ ಅಚ್ಚು ಹಾಕುವಾಗ ಹೊಲಿದ ಬೈಂಡಿಂಗ್ ಮಾಡಿ, 200 ತಗೊಂಡರೂ ಕೊಡುತ್ತೇನೆ. ದಿನಕ್ಕೊಂದು ಗಂಟೆ ಬಿಡುವಿರುವ ನಿವೃತ್ತರಿಗೆ ಓದುವ ಪಟ್ಟಿ ಒಗ್ಗಬಹುದು. ಪಾಳಿ ಕೆಲಸದವರು ನೇರ ಭಾನುವಾರದ ಪುಟ ತೆಗೆಯಿರಿ. ಟಿಕ್ ಹಾಕುವ ಐದು ಮನೆಗಳಲ್ಲಿ ಜೂನ್‌ನಿಂದ ನಮ್ಮಾಕಿ ಹಾಲಿನ ಲೆಕ್ಕ ಬರೆಯುತ್ತಿದ್ದಾಳೆ. ಸಾಕ್ಷಿಯ ಮನೆಯಲ್ಲಿ ಮೊಸರು.