ಸನ್ನೆ ಕಲಿಕೆಯ ಅಧ್ಯಯನಕ್ಕೆ ಚಿಂಪಾಂಜಿ ಮರಿಯೋ, ಒರಾಂಗುಟಾನ್ ಮರಿಯೋ?

ಸಮಯ ಕಡಿಮೆ ಇದ್ದರೆ ಕಣ್ಣುಮುಚ್ಚಿ ಚಿಂಪಾಂಜಿಯನ್ನೇ ಆರಿಸಿಕೊಳ್ಳಿ. ಗುಂಪಿನಲ್ಲಿ ಬೆಳೆಯುವ ಮರಿಗೆ ತಾಯಿಯ ಜೊತೆಗೆ ಓರಗೆಯ ಮರಿಗಳು, ದೊಡ್ಡ ಗಂಡುಗಳು ಎಲ್ಲರೂ ಸಿಗುತ್ತಾರೆ. ಆಟಕ್ಕೆ ಕರೆಯಲು ಅದು ಕೈ ಎತ್ತುತ್ತದೆ. ಎದುರಿನ ಮರಿ ಬೆನ್ನು ಹಾಕಿ ಕೂತಿದ್ದರೆ ಕೈ ಎತ್ತಿ ಏನು ಬಂತು? ಆಗ ಮೈಮುಟ್ಟಿಯೋ ನೆಲ ಬಡಿದೋ ಕರೆಯುತ್ತದೆ.

ಸನ್ನೆ ಎಲ್ಲಿಂದ ಬರುತ್ತದೆಂಬ ವಾದ ಜೋರಾಗಿರುವುದೂ ಚಿಂಪಾಂಜಿಯ ವಿಷಯದಲ್ಲೇ. ಮನಶ್ಶಾಸ್ತ್ರಜ್ಞ ಮೈಕಲ್ ಟೊಮಾಸೆಲ್ಲೊ ಮತ್ತು ಸಂಗಡಿಗರ ಪ್ರಕಾರ ಸನ್ನೆ ಹುಟ್ಟುವುದು ಇಬ್ಬರ ನಡುವಿನ ರೂಢಿಯಿಂದ: ಬೆನ್ನೇರಲು ಮರಿ ತಾಯಿಯ ಬೆನ್ನನ್ನು ಕೆಳಕ್ಕೆ ಜಗ್ಗುತ್ತದೆ, ಬರಬರುತ್ತಾ ಬರೀ ಮುಟ್ಟಿದರೂ ಅವಳು ಬಗ್ಗುತ್ತಾಳೆ. ಉಗಾಂಡದ ಬುಡೊಂಗೊ ಕಾಡಿನಲ್ಲಿ ಕನಿಷ್ಠ 66 ಬಗೆಯ ಸನ್ನೆಗಳನ್ನು ಗುರುತಿಸಿದ ಕ್ಯಾಥರೀನ್ ಹೊಬೈಟರ್ ಮತ್ತು ರಿಚರ್ಡ್ ಬರ್ನ್ 2011ರಲ್ಲಿ ಬೇರೆಯೇ ಮಾತು ಹೇಳಿದರು: ಈ ಸಂಗ್ರಹ ಇಡೀ ಜಾತಿಗೆ ಹುಟ್ಟಿನಿಂದಲೇ ಬಂದದ್ದು, ಮರಿ ಕಲಿಯುವುದು ಯಾವುದನ್ನು ಯಾವಾಗ ಬಳಸಬೇಕೆಂದು. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆ, ಆದರೆ ಬೆನ್ನೇರುವ ಉದಾಹರಣೆಯನ್ನು ತಳ್ಳಿಹಾಕುವುದು ಸುಲಭವಲ್ಲ.

ಒರಾಂಗುಟಾನ್‌ಗೆ ತಾಳ್ಮೆ ಬೇಕು. ಕಾಡಿನಲ್ಲಿ ತಾಯಿ ಸುಮಾರು 7-8 ವರ್ಷಕ್ಕೊಮ್ಮೆ ಹೆರುತ್ತಾಳೆ, ಎಲೆಗಳ ಮರೆಯಲ್ಲಿ ಅರ್ಧ ಸನ್ನೆ ಕಾಣುವುದೇ ಇಲ್ಲ. ಆದರೂ ಒಂದು ಅನುಕೂಲವಿದೆ. ಮರಿಯ ಲೋಕವೆಲ್ಲ ಬಹುತೇಕ ತಾಯಿಯೊಬ್ಬಳೇ. ತಿನ್ನುತ್ತಿರುವವಳ ಬಾಯಿಯ ಬಳಿ ಕೈಯೊಡ್ಡಿ ಬೇಡುವ ಸನ್ನೆ ಯಾರೊಂದಿಗಿನ ಒಡನಾಟದಲ್ಲಿ ಬೆಳೆಯಿತೆಂದು ಹುಡುಕಿಕೊಂಡು ಹೋಗಬೇಕಾಗಿಲ್ಲ. ತಾಯಿ-ಮರಿಯ ಸಂಬಂಧವೇ ನಿಮ್ಮ ಪ್ರಶ್ನೆಯಾಗಿದ್ದು, ಕೈಯಲ್ಲಿ ವರ್ಷಗಳಿದ್ದರೆ ಇದೇ ವಾಸಿ.