ಉಬುಂಟು ಅಳವಡಿಸಿ ಬಂದ ಲ್ಯಾಪ್‌ಟಾಪ್: ಎಂಟು ತಿಂಗಳ ಬಳಕೆಯ ನಂತರ

ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುತ್ತಿರುವ ಮಗಳಿಗಾಗಿ ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಮಳಿಗೆಯೊಂದರಲ್ಲಿ, ತಯಾರಕರೇ ಉಬುಂಟು 24.04 (ವಿಂಡೋಸ್ ಬದಲು ಬಳಸಬಹುದಾದ, ಲಿನಕ್ಸ್ ಆಧಾರಿತ ಉಚಿತ ಕಾರ್ಯಾಚರಣಾ ವ್ಯವಸ್ಥೆ) ಅಳವಡಿಸಿ ಕಳುಹಿಸಿದ ಲ್ಯಾಪ್‌ಟಾಪ್ ಕೊಂಡೆವು. "ಇದು ಯಾರಿಗೂ ಬರಂಗಿಲ್ರಿ ಸರ್, ಅರ್ಧ ತಾಸು ಕೂಡ್ರಿ, ವಿಂಡೋಸ್ ಹಾಕಿ ಕೊಡ್ತೀನಿ" ಎಂದರು ಅಂಗಡಿಯವರು. ಪರವಾನಗಿಯಿಲ್ಲದ ಪ್ರತಿ ಬೇಡವೆಂದು ಹೇಳಿ, ಬಂದ ಹಾಗೆಯೇ ಮನೆಗೆ ತಂದೆವು.

ಕನ್ನಡದ ಕೆಲಸಕ್ಕೆ ಈ ಯಂತ್ರ ನಿಜಕ್ಕೂ ಚೆನ್ನಾಗಿದೆ. ಸೆಟ್ಟಿಂಗ್ಸ್‌ನಲ್ಲಿ ಕಗಪ ಕೀಲಿಮಣೆ ವಿನ್ಯಾಸವನ್ನು ಆರಿಸಿಕೊಂಡರೆ ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳುಗಳಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇರುವುದಿಲ್ಲ. ಬರವಣಿಗೆಯ ತಂತ್ರಾಂಶವಾದ ಲಿಬ್ರೆ ಆಫೀಸ್‌ನಲ್ಲಿ ಒತ್ತಕ್ಷರಗಳೂ ಅರ್ಕಾವತ್ತೂ ಸರಿಯಾಗಿ ಮೂಡುತ್ತವೆ. ಯುನಿಕೋಡ್‌ನಲ್ಲಿಲ್ಲದ (ಎಲ್ಲ ಯಂತ್ರಗಳೂ ಓದಬಲ್ಲ ಅಕ್ಷರ ಸಂಕೇತದಲ್ಲಿಲ್ಲದ) ಹಳೆಯ ನುಡಿ ಕಡತಗಳನ್ನು ಮಾತ್ರ ಮೊದಲು ಪರಿವರ್ತಿಸಿಕೊಳ್ಳಬೇಕು.

ದೋಷವಿದ್ದದ್ದು ಬೇರೆಡೆ. ಮುಚ್ಚಳ ಮುಚ್ಚಿದರೂ ಯಂತ್ರ ನಿದ್ರಾಸ್ಥಿತಿಗೆ (ಸ್ಲೀಪ್) ಹೋಗುತ್ತಿರಲಿಲ್ಲ. ಮೇ ತಿಂಗಳ ನಮ್ಮೂರ ಬಿಸಿಲಿನಲ್ಲಿ ಚೀಲದೊಳಗೇ ಕಾದು, ತರಗತಿ ತಲುಪುವಷ್ಟರಲ್ಲಿ ಬ್ಯಾಟರಿ ಖಾಲಿಯಾಗಿರುತ್ತಿತ್ತು. ಸೇವಾ ಕೇಂದ್ರದವರು ವಿಂಡೋಸ್ ಹಾಕಿಸಿಕೊಂಡು ಬಂದರೆ ನೋಡುತ್ತೇವೆ ಎಂದರು. ಕಂಪನಿ ತಾನೇ ಉಬುಂಟು ಹಾಕಿ ಮಾರಿದ ಯಂತ್ರವನ್ನು ಅದೇ ಕಾರಣಕ್ಕೆ ಹಿಂದಕ್ಕೆ ಕಳುಹಿಸುವುದನ್ನು ನಾನು ಒಪ್ಪಲಾರೆ.

ತಯಾರಕರ ಈ ಅರೆಮನಸ್ಸು ಇಂದಿನದಲ್ಲ. 1994ಕ್ಕೆ ಮುಂಚೆ ಮೈಕ್ರೋಸಾಫ್ಟ್ ಅನೇಕ ತಯಾರಕರೊಂದಿಗೆ, ಯಂತ್ರದಲ್ಲಿ ತನ್ನ ಕಾರ್ಯಾಚರಣಾ ವ್ಯವಸ್ಥೆ ಇರಲಿ ಬಿಡಲಿ, ಮಾರಾಟವಾದ ಪ್ರತಿ ಪ್ರೊಸೆಸರ್‌ಗೂ ಶುಲ್ಕ ಕೊಡಬೇಕೆಂಬ ಒಪ್ಪಂದ ಮಾಡಿಕೊಳ್ಳುತ್ತಿತ್ತು. ಹೀಗಾಗಿ ಬೇರೆ ವ್ಯವಸ್ಥೆ ಹಾಕುವವರು ಎರಡು ಕಡೆ ಹಣ ತೆರಬೇಕಾಗುತ್ತಿತ್ತು. ಆ ವರ್ಷ ಅಮೆರಿಕದ ನ್ಯಾಯ ಇಲಾಖೆಯೊಂದಿಗಿನ ರಾಜಿಯಲ್ಲಿ ಈ ಪದ್ಧತಿ ಕೊನೆಗೊಂಡರೂ ಒತ್ತಡ ಉಳಿಯಿತು. ಓಎಸ್/2 ವ್ಯವಸ್ಥೆಯ ಮೂಲಕ ಸ್ಪರ್ಧೆಗಿಳಿದಿದ್ದ ಐಬಿಎಂಗೆ ವಿಂಡೋಸ್ 95ರ ಪರವಾನಗಿ ಸಿಕ್ಕಿದ್ದು, 1995ರ ಆಗಸ್ಟ್ 24ರಂದು ಅದು ಬಿಡುಗಡೆಯಾಗುವ ಕೆಲವೇ ನಿಮಿಷಗಳ ಮೊದಲು. 2007ರಲ್ಲಿ ಏಸಸ್ ಕಂಪನಿಯ ಪುಟ್ಟ ಲ್ಯಾಪ್‌ಟಾಪ್ 'ಈ ಪಿಸಿ' (Eee PC) ಲಿನಕ್ಸ್‌ನೊಂದಿಗೆ ಬಂದು ಜನಪ್ರಿಯವಾದಾಗ, ಮೈಕ್ರೋಸಾಫ್ಟ್ ಅಂಥ ಅಗ್ಗದ ಯಂತ್ರಗಳಿಗಾಗಿಯೇ ವಿಂಡೋಸ್ ಎಕ್ಸ್‌ಪಿ ಮಾರಾಟದ ಅವಧಿಯನ್ನು ವಿಸ್ತರಿಸಿತು. ಸ್ಪರ್ಧೆಯಿಂದ ಕೊಳ್ಳುವವರಿಗೆ ಲಾಭವಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ, ಆದರೆ ತಯಾರಕರು ಹೆಚ್ಚು ಮಾರಾಟವಾಗುವ ಕಡೆಗೇ ವಾಲಿದರು.

ಮಗಳ ಸಹಪಾಠಿಯೊಬ್ಬರು ಬಯಾಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ನವೀಕರಿಸಿ, ನಿದ್ರಾಸ್ಥಿತಿಯ ಆಯ್ಕೆಯನ್ನು ಬದಲಿಸಿದ ಮೇಲೆ ತೊಂದರೆ ನಿಂತಿದೆ. ತಯಾರಕರು ಒಂದು ದಿನ ಪರೀಕ್ಷಿಸಿದ್ದರೆ ತಾವೇ ಮಾಡಬಹುದಾಗಿದ್ದ ಕೆಲಸವಿದು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಬಳಿಕ ಮನೆಯ ಹಳೆಯ ಡೆಸ್ಕ್‌ಟಾಪ್‌ಗೂ ಉಬುಂಟುವನ್ನೇ ಹಾಕಿದ್ದೇವೆ.

ಬರವಣಿಗೆ, ಓದು, ಅಂತರ್ಜಾಲ ಇಷ್ಟೇ ಬೇಕಾದವರು ಇಂಥ ಲ್ಯಾಪ್‌ಟಾಪನ್ನು ಧೈರ್ಯವಾಗಿ ಕೊಳ್ಳಬಹುದು. ಹಣ ಕೊಡುವ ಮುನ್ನ ಅಂಗಡಿಯಲ್ಲಿಯೇ ಮುಚ್ಚಳ ಮುಚ್ಚಿ, ಹತ್ತು ನಿಮಿಷ ಬಿಟ್ಟು ತೆರೆದು ನೋಡಿ.